ಚರ್ಚಿನ ಅಸಿಂಧು ಘೋಷಣೆ ಮತ್ತು ಸಿವಿಲ್ ವಿಚ್ಛೇದನ: ಬೀದರ್–ಮರಾಠವಾಡ ಗಡಿಸೀಮೆ

ಕಥೋಲಿಕ ದಂಪತಿಯ ಮದುವೆ ಮುರಿದು, ಮುಂದೆ ಚರ್ಚಿನಲ್ಲಿ ಮರುಮದುವೆಯಾಗಬೇಕೆಂದರೆ ಎರಡು ಬಾಗಿಲು ತಟ್ಟಬೇಕು. ಒಂದು ಸರ್ಕಾರದ ನ್ಯಾಯಾಲಯ. ಇನ್ನೊಂದು ಧರ್ಮಕ್ಷೇತ್ರದ, ಅಂದರೆ ಧರ್ಮಾಧ್ಯಕ್ಷರ (ಬಿಷಪ್) ಆಡಳಿತವಲಯದ ನ್ಯಾಯಪೀಠ, ಜನರ ಬಾಯಲ್ಲಿ ‘ಚರ್ಚ್ ಕೋರ್ಟು’. ಸರ್ಕಾರಿ ಕೋರ್ಟು ಕೊಡುವ ವಿಚ್ಛೇದನ, ಇದ್ದ ಮದುವೆ ಇಲ್ಲಿಗೆ ಮುಗಿಯಿತು ಎನ್ನುತ್ತದೆ. ಚರ್ಚಿನ ಅಸಿಂಧು ಘೋಷಣೆ, ಮದುವೆಯ ದಿನವೇ ಕುಂದಿದ್ದುದರಿಂದ ಆ ಬಂಧ ಏರ್ಪಟ್ಟಿರಲೇ ಇಲ್ಲ ಎನ್ನುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡದು. ಇದನ್ನು ಅರಿಯದೆ ಒಂದೇ ಕಾಗದವನ್ನು ನಂಬಿ ಮರುಮದುವೆಯಾದವರು ಕಷ್ಟಕ್ಕೆ ಸಿಕ್ಕಿದ್ದಾರೆ.

ಚರ್ಚಿನ ಕಾನೂನಿನ ಹಾದಿ

ದೀಕ್ಷಾಸ್ನಾನ ಪಡೆದ ಇಬ್ಬರ ಮದುವೆ ಸಂಸ್ಕಾರ. ಅದು ನೆರವೇರಿ ದಾಂಪತ್ಯ ನಡೆದ ಮೇಲೆ ಸಾವಲ್ಲದೆ ಯಾವ ಮಾನವ ಅಧಿಕಾರವೂ ಅದನ್ನು ಬಿಡಿಸಲಾರದು ಎಂಬುದು ಕಥೋಲಿಕ ಬೋಧನೆ. ಆದ್ದರಿಂದ ಚರ್ಚು ಕೇಳುವ ಪ್ರಶ್ನೆ ಒಂದೇ: ಮದುವೆ ನಿಜವಾಗಿ ಆಗಿತ್ತೇ? 1563ರಲ್ಲಿ ಟ್ರೆಂಟ್ ಮಹಾಸಭೆ, ಧರ್ಮಕೇಂದ್ರದ (ಪ್ಯಾರಿಷ್) ಗುರು ಮತ್ತು ಸಾಕ್ಷಿಗಳ ಮುಂದೆಯೇ ಮದುವೆ ಆಗಬೇಕೆಂದು ವಿಧಿಸಿ ಗುಟ್ಟಿನ ಮದುವೆಗಳಿಗೆ ತಡೆಹಾಕಿತು. 1741ರಲ್ಲಿ ಪೋಪ್ 14ನೇ ಬೆನೆಡಿಕ್ಟ್, ಮದುವೆಯ ಪರವಾಗಿ ವಾದಿಸಲೆಂದೇ ‘ಬಂಧ ಸಂರಕ್ಷಕ’ ಎಂಬ ಅಧಿಕಾರಿಯನ್ನು ನೇಮಿಸುವಂತೆ ಮಾಡಿದರು. ಒಂದೇ ಅಭಿಪ್ರಾಯದ ಎರಡು ತೀರ್ಪು ಬಂದರಷ್ಟೇ ಮದುವೆ ಅಸಿಂಧು ಎಂಬ ಕಟ್ಟಳೆಯೂ ಆಗ ಬಂತು.

ಚರ್ಚಿನ ಕಾನೂನಿನ ಗ್ರಂಥವಾದ 1983ರ ಧರ್ಮಸಂಹಿತೆ ಬಲವಂತ, ಮೋಸ, ತೋರಿಕೆಯ ಒಪ್ಪಿಗೆಗಳ ಜೊತೆಗೆ, ದಾಂಪತ್ಯದ ಹೊಣೆ ಹೊರಲಾಗದ ಮಾನಸಿಕ ಅಸಾಮರ್ಥ್ಯವನ್ನೂ ಅಸಿಂಧುವಿಗೆ ಕಾರಣವೆಂದು ಸ್ಪಷ್ಟವಾಗಿ ಬರೆಯಿತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಎರಡು ತೀರ್ಪಿನ ಕಡ್ಡಾಯವನ್ನು ತೆಗೆದರು. ಅದೇ ವರ್ಷದ ಡಿಸೆಂಬರ್ 8ರಿಂದ ಒಂದು ತೀರ್ಪು, ಮೇಲ್ಮನವಿ ಬಾರದಿದ್ದರೆ, ಸಾಕಾಗುತ್ತಿದೆ.

ಗಡಿಸೀಮೆ

ಇಂದು ಮಹಾರಾಷ್ಟ್ರದ ಮರಾಠವಾಡದಲ್ಲಿರುವ ಉದಗೀರ ಮತ್ತು ನಿಲಂಗಾ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲೂಕುಗಳು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಹೋದವು, ಬೀದರ್ ಮೈಸೂರು ರಾಜ್ಯಕ್ಕೆ ಬಂತು. 1982ರಲ್ಲಿ ಲಾತೂರ್ ಜಿಲ್ಲೆಯಾದಾಗ ಆ ಎರಡೂ ಅದರ ಪಾಲಾದವು. ಇದೇ ಗಡಿಸೀಮೆಯ ಉಮರ್ಗಾ ಇಂದಿನ ಧಾರಾಶಿವ ಜಿಲ್ಲೆಯಲ್ಲಿದೆ. ಗಡಿ ಬಂದರೂ ಬೀಗತನ ನಿಲ್ಲಲಿಲ್ಲ. ಭಾಲ್ಕಿಯ ಹುಡುಗಿ ಉದಗೀರಿಗೆ ಸೊಸೆಯಾಗಿ ಹೋಗುವುದು, ನಿಲಂಗಾದ ಹುಡುಗಿ ಬಸವಕಲ್ಯಾಣಕ್ಕೆ ಬರುವುದು ಇಂದಿಗೂ ಎಲ್ಲ ಸಮುದಾಯಗಳಲ್ಲಿ ನಡೆದಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಮದುವೆ ಮುರಿದರೆ ಒಂದು ಕಡೆ ಸೋಡಚೀಟಿ, ಇನ್ನೊಂದು ಕಡೆ ಘಟಸ್ಫೋಟ.

ಈ ಸೀಮೆಯ ಕ್ರೈಸ್ತರಲ್ಲಿ ಮೆಥಡಿಸ್ಟರೇ ಹೆಚ್ಚು, ಕಥೋಲಿಕರು ಕಡಿಮೆ. ಮೆಥಡಿಸ್ಟರ ಮದುವೆಗೆ ಇಂಥ ಚರ್ಚ್ ಕೋರ್ಟಿಲ್ಲ. ಅವರಿಗೆ ಸರ್ಕಾರದ ಕೋರ್ಟೊಂದೇ ದಾರಿ. ಕಥೋಲಿಕರ ಪಾಲಿಗೆ ರಾಜ್ಯದ ಗಡಿ ಚರ್ಚಿನ ಗಡಿಯೂ ಆಗಿದೆ. ಮರಾಠವಾಡ 1977ರಲ್ಲಿ ಸ್ಥಾಪನೆಯಾದ ಔರಂಗಾಬಾದ್ ಧರ್ಮಕ್ಷೇತ್ರಕ್ಕೆ ಸೇರಿದೆ. ಅದರ ಮೇಲಿನದು ನಾಗಪುರ ಮಹಾಧರ್ಮಕ್ಷೇತ್ರ. ಬೀದರ್ 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಕ್ಷೇತ್ರಕ್ಕೆ ಸೇರಿದೆ. ಅದರ ಮೇಲಿನದು ಬೆಂಗಳೂರು.

1869ರ ಕಾಯ್ದೆ ಮತ್ತು ಹೆಂಗಸರು

ಭಾರತದ ಕ್ರೈಸ್ತರ ವಿಚ್ಛೇದನಕ್ಕೆ ಆಧಾರ 1869ರ ವಿಚ್ಛೇದನ ಕಾಯ್ದೆ. ಮದುವೆಗೆ 1872ರ ಕ್ರೈಸ್ತ ವಿವಾಹ ಕಾಯ್ದೆ. ಬ್ರಿಟಿಷರ ಈ ಕಾನೂನುಗಳು ನಿಜಾಮರ ಸೀಮೆಗೆ ತಾವಾಗಿ ಅನ್ವಯಿಸುತ್ತಿರಲಿಲ್ಲ. ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆ ಇಲ್ಲಿಗೂ ಬಂದವು. ಜೊತೆಗೆ ಅವುಗಳ ಅನ್ಯಾಯವೂ ಬಂತು. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಯಾದರೋ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ತೊರೆದುಹೋದದ್ದನ್ನೋ ಸಾಬೀತುಪಡಿಸಬೇಕಿತ್ತು. ದಿನವೂ ಹೊಡೆತ ತಿಂದವಳಿಗೆ ಆ ಹೊಡೆತವೊಂದೇ ವಿಚ್ಛೇದನಕ್ಕೆ ಕಾರಣವಾಗುತ್ತಿರಲಿಲ್ಲ. ಜಿಲ್ಲಾ ನ್ಯಾಯಾಧೀಶರು ಡಿಕ್ರಿ ಕೊಟ್ಟರೂ ಹೈಕೋರ್ಟಿನ ದೃಢೀಕರಣಕ್ಕೆ ಕಾಯಬೇಕಿತ್ತು. ವ್ಯಾಜ್ಯ ಮುಗಿಯುವವರೆಗಿನ ಜೀವನಾಂಶ ಗಂಡನ ನಿವ್ವಳ ಆದಾಯದ ಐದನೇ ಒಂದು ಭಾಗವನ್ನು ಮೀರುವಂತಿರಲಿಲ್ಲ.

1995ರಲ್ಲಿ ಕೇರಳ ಹೈಕೋರ್ಟ್ ಅಮ್ಮಿಣಿ ಪ್ರಕರಣದಲ್ಲಿ ಈ ತಾರತಮ್ಯವನ್ನು ಹೊಡೆದುಹಾಕಿತು. 1997ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ ಪ್ರಗತಿ ವರ್ಗೀಸ್ ಪ್ರಕರಣದಲ್ಲಿ ಅದೇ ನಿಲುವು ತಳೆಯಿತು. ಉದಗೀರ, ನಿಲಂಗಾ, ಉಮರ್ಗಾಗಳ ಕ್ರೈಸ್ತ ಹೆಂಗಸರಿಗೆ ನೇರವಾಗಿ ಫಲ ತಂದದ್ದು ಈ ತೀರ್ಪು. 2001ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿತು: ವಿಚ್ಛೇದನದ ಕಾರಣಗಳು ಗಂಡ-ಹೆಂಡತಿಗೆ ಸಮನಾದವು, ಹೈಕೋರ್ಟ್ ದೃಢೀಕರಣ ಹೋಯಿತು, ಐದನೇ ಒಂದು ಭಾಗದ ಮಿತಿ ಹೋಯಿತು, ಪರಸ್ಪರ ಒಪ್ಪಿಗೆಯ ವಿಚ್ಛೇದನ ಬಂತು. ಅದಕ್ಕೆ ಎರಡು ವರ್ಷ ಬೇರೆಯಿರಬೇಕೆಂಬ ಷರತ್ತನ್ನು ಕೇರಳ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ ಆಮೇಲೆ, ಒಂದು ವರ್ಷಕ್ಕೆ ಇಳಿಸಿದವು.

ಮಂಗಳೂರಿನ ಅರ್ಜಿ

ಚರ್ಚಿನ ತೀರ್ಪಿಗೆ ಸರ್ಕಾರದ ಮನ್ನಣೆ ಇದೆಯೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಚರ್ಚ್ ಕೋರ್ಟಿನ ಘೋಷಣೆಯೊಂದನ್ನೇ ನಂಬಿ ಆದ ಎರಡನೇ ಮದುವೆ ಕಾನೂನಿನಲ್ಲಿ ನಿಲ್ಲಲಿಲ್ಲ. ಮೊದಲ ಮದುವೆ ಸಿವಿಲ್ ಕಾನೂನಿನ ಕಣ್ಣಿಗೆ ಇನ್ನೂ ಜೀವಂತವಾಗಿತ್ತು.

ದಕ್ಷಿಣ ಕನ್ನಡದ ಕಥೋಲಿಕ ಸಂಘಟನೆಯ ಮುಂದಾಳು, ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯ್ಸ್ ಈ ಪ್ರಶ್ನೆಯನ್ನು ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೂಲಕ ಮತ್ತೆ ಸುಪ್ರೀಂ ಕೋರ್ಟಿಗೆ ಒಯ್ದರು. ಧರ್ಮಸಂಹಿತೆ ಕಥೋಲಿಕರ ವೈಯಕ್ತಿಕ ಕಾನೂನು, ಚರ್ಚಿನ ತೀರ್ಪನ್ನು ನ್ಯಾಯಾಲಯಗಳು ಒಪ್ಪಬೇಕು, ಅದನ್ನು ನಂಬಿ ಮರುಮದುವೆಯಾದವರನ್ನು ದ್ವಿಪತ್ನಿತ್ವದ ಅಪರಾಧಿಗಳೆಂದು ಕಾಣಬಾರದು ಎಂಬುದು ಅವರ ವಾದ. ಅದರ ಹಿಂದೆ ನಿಜವಾದ ಸಂಕಟವಿತ್ತು: ಆ ಅಪರಾಧಕ್ಕೆ ಏಳು ವರ್ಷದವರೆಗೆ ಜೈಲು. 2017ರ ಜನವರಿ 19ರಂದು ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಸಂಸತ್ತಿನ ಕಾಯ್ದೆ ಇರುವಾಗ ಚರ್ಚಿನ ತೀರ್ಪು ಅದನ್ನು ಮೀರಲಾರದು. ಅಂದಿನಿಂದ ಈ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಎರಡೂ ದಾರಿ ಜೊತೆಯಾದಾಗ

ವಿಚ್ಛೇದನ ಕಾಯ್ದೆಯ ಪ್ರಕಾರ ಅರ್ಜಿಯನ್ನು ಮದುವೆ ನಡೆದ ಊರಿನ, ಇಲ್ಲವೇ ದಂಪತಿ ಒಟ್ಟಿಗೆ ಇರುವ ಅಥವಾ ಕೊನೆಯದಾಗಿ ಇದ್ದ ಊರಿನ ಜಿಲ್ಲಾ ನ್ಯಾಯಾಲಯದಲ್ಲಿ ಹಾಕಬೇಕು. ‘ಮದುವೆ ನಡೆದ ಊರು’ ಎಂಬ ಮಾತು ಸೇರಿದ್ದು 2001ರಲ್ಲಿ. ಉದಗೀರಿನ ಗಂಡನ ಮನೆ ಬಿಟ್ಟು ಬೀದರಿನ ತವರಿಗೆ ಬಂದವಳ ಮದುವೆ ಬೀದರಿನಲ್ಲಿ ಆಗಿದ್ದರೆ ಅಲ್ಲೇ ಅರ್ಜಿ ಹಾಕಬಹುದು. ಉದಗೀರಿನಲ್ಲಿ ಆಗಿದ್ದರೆ ಲಾತೂರ್ ಜಿಲ್ಲೆಗೇ ಹೋಗಬೇಕು. ಒಂದು ರಾಜ್ಯದ ಪ್ರಕರಣವನ್ನು ಇನ್ನೊಂದಕ್ಕೆ ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿನದು. ಅಂದರೆ ಪಕ್ಕದೂರಿಗೆ ಕೇಸು ತರಲು ದೆಹಲಿಗೆ ಅರ್ಜಿ ಹೋಗಬೇಕು. 1956ರ ಗೆರೆ ಇಲ್ಲದಿದ್ದರೆ ಆಕೆಗೆ ಈ ಅಲೆದಾಟ ಇರುತ್ತಿರಲಿಲ್ಲ.

ಚರ್ಚಿನ ನಿಯಮ ಇಲ್ಲಿ ಹೆಚ್ಚು ಉದಾರ. 2015ರ ತಿದ್ದುಪಡಿಯ ನಂತರ ಇಬ್ಬರಲ್ಲಿ ಯಾರೇ ನೆಲೆಸಿರುವ ಧರ್ಮಕ್ಷೇತ್ರದಲ್ಲೂ ಅರ್ಜಿ ಕೊಡಬಹುದು. ಬೀದರಿನ ತವರಿನಿಂದಲೇ ಆಕೆ ಗುಲ್ಬರ್ಗ ಧರ್ಮಕ್ಷೇತ್ರದ ನ್ಯಾಯಪೀಠಕ್ಕೆ ಬರೆದುಕೊಳ್ಳಬಹುದು. ಅಲ್ಲಿ ಕೇಳುವುದು ಮದುವೆಗೆ ಮುಂಚಿನ ಮಾತು: ಹುಡುಗಿಯನ್ನು ಒಪ್ಪಿಗೆ ಕೇಳಿದ್ದರೇ, ಹುಡುಗನ ಕಾಯಿಲೆಯನ್ನು ಮುಚ್ಚಿಟ್ಟಿದ್ದರೇ? ತಾಯಿ, ಸೋದರಮಾವ, ಮದುವೆ ಮಾಡಿಸಿದ ಗುರುಗಳ ಸಾಕ್ಷಿಗೆ ಇಲ್ಲಿ ಬೆಲೆಯಿದೆ. ಜೀವನಾಂಶ, ಮಕ್ಕಳ ಪಾಲನೆ, ಆಸ್ತಿಯ ಮಾತಿಗೆ ಸರ್ಕಾರದ ಕೋರ್ಟೇ ಬೇಕು. ಮಕ್ಕಳ ಬಗ್ಗೆ ಅನೇಕ ತಾಯಂದಿರನ್ನು ಕಾಡುವ ಭಯಕ್ಕೆ ಧರ್ಮಸಂಹಿತೆಯೇ ಉತ್ತರ ಕೊಟ್ಟಿದೆ: ತಂದೆತಾಯಿಯರಲ್ಲಿ ಒಬ್ಬರಾದರೂ ಸದ್ಭಾವದಿಂದ ಮದುವೆಯಾಗಿದ್ದರೆ, ಮುಂದೆ ಅದು ಅಸಿಂಧುವಾದರೂ ಮಕ್ಕಳು ಔರಸರೇ.

ಚರ್ಚಿನ ತೀರ್ಪು ಮೊದಲು ಬಂದರೂ ಸಿವಿಲ್ ಡಿಕ್ರಿಯಿಲ್ಲದೆ ಮರುಮದುವೆ ಸಾಗದು. ಸಿವಿಲ್ ಕಾನೂನು ಒಪ್ಪದ ಮದುವೆಯನ್ನು ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ಗುರು ಮಾಡಿಸುವಂತಿಲ್ಲ. ಹಿಂದಿನ ಸಂಗಾತಿ ಕಾನೂನಿನಲ್ಲಿ ಸಂಗಾತಿಯಾಗಿಯೇ ಉಳಿದಿರುವಾಗ ನಡೆದ ಮದುವೆಗೆ ಸರ್ಕಾರದ ಮನ್ನಣೆಯೂ ಇಲ್ಲ.

ದಫ್ತರಿನ ಅಂಚು

ಕಥೋಲಿಕರ ಮದುವೆ ಎರಡು ಕಡೆ ದಾಖಲಾಗುತ್ತದೆ. ಒಂದು, ಮದುವೆಯಾದ ಧರ್ಮಕೇಂದ್ರದ ವಿವಾಹ ದಫ್ತರು. ಇನ್ನೊಂದು, ವಧೂವರರು ಕೂಸಾಗಿದ್ದಾಗ ದೀಕ್ಷಾಸ್ನಾನ ಪಡೆದ ಧರ್ಮಕೇಂದ್ರದ ದಫ್ತರು. ಅಲ್ಲಿ ಹೆಸರಿನ ಪಕ್ಕದ ಅಂಚಿನಲ್ಲಿ ಮದುವೆಯ ವಿವರ ಬರೆಯುತ್ತಾರೆ. ಮದುವೆ ಅಸಿಂಧುವಾದರೆ ಆ ಮಾತೂ ಎರಡೂ ಕಡೆ ಸೇರಬೇಕು. ಉದಗೀರಿನಲ್ಲಿ ಮದುವೆಯಾದ ಬೀದರಿನ ಮಗಳ ವಿಷಯದಲ್ಲಿ ಆ ಟಿಪ್ಪಣಿ ರಾಜ್ಯದ ಗಡಿ ದಾಟಿ, ತಂದೆತಾಯಿ ಅವಳಿಗೆ ಹೆಸರಿಟ್ಟ ದಿನದ ಪುಟಕ್ಕೆ ಬಂದು ಸೇರುತ್ತದೆ. ಮುಂದೊಮ್ಮೆ ಮದುವೆಗೆಂದು ಆಕೆ ದೀಕ್ಷಾಸ್ನಾನದ ಪ್ರಮಾಣಪತ್ರ ಕೇಳಿದಾಗ ಗುರುಗಳು ನೋಡುವುದು ಆ ಅಂಚನ್ನು. ಅದರ ಜೊತೆ ಕೇಳುವುದು ನ್ಯಾಯಾಲಯದ ಡಿಕ್ರಿಯ ದೃಢೀಕೃತ ನಕಲನ್ನು. ಎರಡೂ ಕೈಯಲ್ಲಿದ್ದರೆ ಅವಳ ಹೊಸ ಮದುವೆಯನ್ನು ಬಲಿಪೀಠದ ಮುಂದೆಯಾಗಲಿ ಕೋರ್ಟಿನಲ್ಲಾಗಲಿ ಪ್ರಶ್ನಿಸಲು ಹಿಂದಿನ ಮದುವೆಯ ನೆಪ ಉಳಿಯುವುದಿಲ್ಲ.