ತಲೆಯ ಪೆಟ್ಟು ಮತ್ತು ಮರಳಿ ಬರುವ ದಾರಿ

ನಾಸಿಕದ ಕ್ರಿಕೆಟ್ ಪ್ರಿಯರಿಗೆ ಬಾಪು ನಾಡಕರ್ಣಿಯವರನ್ನು ಪರಿಚಯಿಸಬೇಕಾಗಿಲ್ಲ. 1933ರಲ್ಲಿ ಅಲ್ಲೇ ಹುಟ್ಟಿದ ಅವರು, 1964ರ ಮದರಾಸು ಟೆಸ್ಟಿನಲ್ಲಿ ಸತತವಾಗಿ 21 ಮೇಡನ್ ಓವರುಗಳನ್ನು ಎಸೆದು ಪ್ರಸಿದ್ಧರಾದರು. ಅದಕ್ಕೆ ಎರಡು ವರ್ಷ ಮೊದಲು ಅವರು ಮಾಡಿದ ಇನ್ನೊಂದು ಉಪಕಾರ ಆಟದ ಅಂಕಿಸಂಖ್ಯೆಗಳಲ್ಲಿ ಸೇರಿಲ್ಲ. ತಲೆಗೆ ಪೆಟ್ಟು ಬಿದ್ದು ಸಾವುಬದುಕಿನ ನಡುವೆ ಇದ್ದ ತಮ್ಮ ನಾಯಕನಿಗೆ ಅವರು ರಕ್ತ ಕೊಟ್ಟರು.

1962ರ ಮಾರ್ಚ್ ತಿಂಗಳು. ವೆಸ್ಟ್ ಇಂಡೀಸ್ ಪ್ರವಾಸದಲ್ಲಿದ್ದ ಭಾರತ ತಂಡ ಬಾರ್ಬಡೋಸ್ ವಿರುದ್ಧ ಆಡುತ್ತಿತ್ತು. ನಮ್ಮ ಬೆಂಗಳೂರಿನ ಎರಪಳ್ಳಿ ಪ್ರಸನ್ನರೂ ಆ ಪ್ರವಾಸದಲ್ಲಿದ್ದರು. ಚಾರ್ಲಿ ಗ್ರಿಫಿತ್ ಎಸೆದ ಚೆಂಡು 28 ವರ್ಷದ ನಾಯಕ ನಾರಿ ಕಾಂಟ್ರಾಕ್ಟರರ ತಲೆಗೆ ಬಡಿಯಿತು. ಬ್ಯಾಟುಗಾರರು ಹೆಲ್ಮೆಟ್ ತೊಡದ ಕಾಲ ಅದು. ತಲೆಬುರುಡೆ ಒಡೆದು ಒಳಗೆ ರಕ್ತ ಸೋರಿತು. ತುರ್ತಾಗಿ ಶಸ್ತ್ರಚಿಕಿತ್ಸೆ ನಡೆಯಿತು. ರಕ್ತ ಕೊಟ್ಟವರಲ್ಲಿ ಎದುರಾಳಿ ನಾಯಕ ಫ್ರಾಂಕ್ ವೊರೆಲ್, ನಮ್ಮ ಪಾಲಿ ಉಮ್ರಿಗರ್, ಚಂದು ಬೋರ್ಡೆ ಮತ್ತು ನಾಡಕರ್ಣಿ ಇದ್ದರು. ಆರು ದಿನಗಳ ಕಾಲ ಕಾಂಟ್ರಾಕ್ಟರರಿಗೆ ಪ್ರಜ್ಞೆ ಇರಲಿಲ್ಲ.

ಅವರು ಬದುಕಿದರು. ತಲೆಯಲ್ಲಿ ಲೋಹದ ತಗಡು ಕೂಡಿಸಿದವರು ವೆಲ್ಲೂರಿನ ಡಾ. ಜೇಕಬ್ ಚಾಂಡಿ, 1949ರಲ್ಲಿ ನಮ್ಮ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದವರು. ಆ ತಗಡನ್ನು 2022ರಲ್ಲಿ, ಅರವತ್ತು ವರ್ಷಗಳ ಮೇಲೆ, ಮುಂಬಯಿಯಲ್ಲಿ ತೆಗೆಯಲಾಯಿತು. ಕಾಂಟ್ರಾಕ್ಟರ್ ಮತ್ತೆ ಬ್ಯಾಟು ಹಿಡಿದರು, 1970-71ರವರೆಗೂ ಪ್ರಥಮ ದರ್ಜೆಯ ಪಂದ್ಯಗಳನ್ನು ಆಡಿದರು. ಆದರೆ ಟೆಸ್ಟ್ ಪಂದ್ಯ ಮಾತ್ರ ಮತ್ತೆ ಅವರಿಗೆ ಸಿಗಲಿಲ್ಲ.

ತಲೆಗೆ ಪೆಟ್ಟಾದಾಗ ಹೀಗೇಕೆ ಜೀವಕ್ಕೇ ಅಪಾಯವಾಗುತ್ತದೆ? ತಲೆಬುರುಡೆ ಹಿಗ್ಗುವ ಚೀಲವಲ್ಲ. ಒಳಗೆ ರಕ್ತ ಸೇರಿದಷ್ಟೂ ಮಿದುಳು ಹಿಸುಕಿಹೋಗುತ್ತದೆ. ಬುರುಡೆಗೂ ಹೊರಪೊರೆಗೂ ನಡುವೆ ಅಪಧಮನಿ ಹರಿದರೆ ಕೆಲವೇ ಗಂಟೆಗಳಲ್ಲಿ ಪರಿಸ್ಥಿತಿ ಕೈಮೀರಬಹುದು. ಇಂಥವರು ಮೊದಲು ಎದ್ದು ಕೂತು ಮಾತನಾಡಿ, ಆಮೇಲೆ ಮಂಪರಿಗೆ ಜಾರುವುದುಂಟು. ಪೊರೆಯ ಒಳಗೆ ಅಭಿಧಮನಿ ಸೋರಿದರೆ, ವಯಸ್ಸಾದವರಲ್ಲಿ ವಾರಗಟ್ಟಲೆ ಏನೂ ತಿಳಿಯದೇ ಇರಬಹುದು. ಬಚ್ಚಲಲ್ಲಿ ಜಾರಿಬಿದ್ದ ಅಜ್ಜ ತಿಂಗಳ ನಂತರ ತಡವರಿಸಿ ನಡೆದರೆ, ಮರೆವು ಹೆಚ್ಚಾದರೆ, ಅದು ಮುಪ್ಪಿನ ಫಲವೆಂದು ಸುಮ್ಮನಾಗಬಾರದು.

ಹಿಂದೆ ವೈದ್ಯರು ಊಹೆಯ ಮೇಲೆ ಬುರುಡೆಗೆ ರಂಧ್ರ ಕೊರೆದು ರಕ್ತವನ್ನು ಹುಡುಕಬೇಕಾಗಿತ್ತು. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದ ಮೇಲೆ ಈ ಕುರುಡು ಹುಡುಕಾಟ ನಿಂತಿತು. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಪ್ರಜ್ಞೆಯನ್ನು ಅಳೆಯುವ ಮಾಪಕವನ್ನು ಕೊಟ್ಟರು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ, ಈ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. ಅದೇ ವರ್ಷ ಬೆಂಗಳೂರಿನಲ್ಲಿ ಎರಡು ಸಂಸ್ಥೆಗಳು ಕೂಡಿ ನಿಮ್ಹಾನ್ಸ್ ಆಯಿತು. ಅದರ ಮೊದಲ ನಿರ್ದೇಶಕರು ನರಶಸ್ತ್ರತಜ್ಞ ಡಾ. ಆರ್. ಎಂ. ವರ್ಮ.

ರೋಗಿಯ ಮನೆಯವರು ಮೊದಲು ಕೇಳುವುದು, "ಮೊದಲಿನಂತೆ ಆಗುತ್ತಾರೆಯೇ ಡಾಕ್ಟರೇ?" ಎಂದು. ವೈದ್ಯರು ಮೊದಲ ದಿನವೇ ಖಚಿತವಾಗಿ ಹೇಳದಿದ್ದರೆ ನಾವು ಬೇಸರಪಡಬಾರದು. ವಯಸ್ಸು, ಪ್ರಜ್ಞೆಯ ಅಂಕ, ಬೆಳಕಿಗೆ ಕಣ್ಣಿನ ಪಾಪೆ ಕುಗ್ಗುತ್ತದೆಯೇ, ಮಿದುಳಿಗೇ ಎಷ್ಟು ಗಾಯವಾಗಿದೆ, ಎಷ್ಟು ಬೇಗ ಚಿಕಿತ್ಸೆ ಸಿಕ್ಕಿತು, ಇವೆಲ್ಲ ಸೇರಿ ಮುಂದಿನ ಗತಿ ನಿರ್ಧಾರವಾಗುತ್ತದೆ. ಸಾಮಾನ್ಯವಾಗಿ ಮೊದಲ ಆರು ತಿಂಗಳಲ್ಲಿ ಸುಧಾರಣೆ ಹೆಚ್ಚು. ಆಮೇಲೂ ನಿಧಾನವಾಗಿ ವರ್ಷ, ಎರಡು ವರ್ಷ ಮುಂದುವರಿಯಬಹುದು. ನಡೆದಾಡುವಂತಾದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ಅರ್ಥವಲ್ಲ. ತಲೆನೋವು, ಮರೆವು, ಮುಂಗೋಪ, ಬೇಗನೆ ಸುಸ್ತಾಗುವುದು ಉಳಿಯಬಹುದು. ಕೆಲವರಿಗೆ ಫಿಟ್ಸ್ ಬರುತ್ತದೆ. ಅದನ್ನು ಸೋಮಾರಿತನವೆಂದೋ ದುರ್ಗುಣವೆಂದೋ ತಿಳಿದು ಮನೆಯವರು ಬೈದರೆ ರೋಗಿ ಇನ್ನಷ್ಟು ಕುಗ್ಗುತ್ತಾನೆ.

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ (2023ರವರೆಗೆ ಔರಂಗಾಬಾದ್) ಯೇವಲೆ, ವೈಜಾಪುರದ ಮಾರ್ಗವಾಗಿ ಓಡಾಡುವ ಕನ್ನಡ ಕುಟುಂಬಗಳಿಗೆ ಇದು ದೂರದ ಮಾತಲ್ಲ. ಸಂಭಾಜಿನಗರದಲ್ಲಿ 1956ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜನರ ಬಾಯಲ್ಲಿ 'ಘಾಟಿ', ಮರಾಠವಾಡದ ಬಡವರ ಆಸರೆಯಾಗಿದೆ. ನಾಸಿಕದಲ್ಲಿ 2021ರಲ್ಲಿ ಪೊಲೀಸರು ಹೆಲ್ಮೆಟ್ ಇಲ್ಲದವರಿಗೆ ಪೆಟ್ರೋಲ್ ಇಲ್ಲವೆಂಬ ನಿಯಮ ತಂದಾಗ ಗೊಣಗಿದವರು ಹಲವರು. 1962ರಲ್ಲಿ ಕಾಂಟ್ರಾಕ್ಟರರಿಗೆ ಆ ರಕ್ಷಣೆ ಇರಲಿಲ್ಲ, ನಮಗೆ ಇದೆ.

ಸ್ಕೂಟರಿನ ಹಿಂದೆ ಕೂರುವ ಮಡದಿಗೂ ಮಕ್ಕಳಿಗೂ ಹೆಲ್ಮೆಟ್ ಕೊಡಿಸೋಣ. ತಲೆಗೆ ಪೆಟ್ಟು ಬಿದ್ದವರು ಪದೇಪದೇ ವಾಂತಿ ಮಾಡಿದರೆ, ತೊದಲಿದರೆ, ಎಚ್ಚರಿಸಿದರೂ ಏಳದಿದ್ದರೆ, "ಮಲಗಲಿ ಬಿಡಿ" ಎನ್ನದೆ 108ಕ್ಕೆ ಫೋನು ಮಾಡಿ ಸಿ.ಟಿ. ಸೌಲಭ್ಯವಿರುವ ಆಸ್ಪತ್ರೆಗೆ ಸಾಗಿಸೋಣ. ಮನೆಗೆ ಮರಳಿದವರಿಗೆ ತಿಂಗಳುಗಟ್ಟಲೆ ತಾಳ್ಮೆಯಿಂದ ಜೊತೆ ಕೊಡೋಣ.