ಸ್ಲೈಡಿನ ಮೂಲೆಯ ಆ ಪುಟ್ಟ ಬಾಣಗಳು: ಒಂದು ‘ಆಪ್ಷನ್’ನ ಇತಿಹಾಸ

1/6
ಕಳೆದ ತಿಂಗಳು ನಮ್ಮ ಕ್ಲಾಸ್ ಸೆಮಿನಾರ್ ಇತ್ತು. ನಾನು ಪವರ್‌ಪಾಯಿಂಟ್ ಬಿಟ್ಟು ಬೀಮರ್ ಅನ್ನೋ ಓಪನ್ ಸೋರ್ಸ್ ಟೂಲ್‌ನಲ್ಲಿ ಸ್ಲೈಡ್ ಮಾಡಿದ್ದೆ. ಇಪ್ಪತ್ತು ನಿಮಿಷ ಮಾತಾಡಿದೆ. ಕೊನೆಗೆ ಹಿಂದಿನ ಬೆಂಚಿನಿಂದ ಬಂದಿದ್ದು ಒಂದೇ ಪ್ರಶ್ನೆ: “ಲೋ, ಬಲಗಡೆ ಕೆಳಗೆ ಆ ಪುಟ್ಟ ಬಾಣಗಳು ಏನೋ? ತೆಗೆಯೋಕಾಗಲ್ವಾ?”

ಆಗುತ್ತೆ. ಒಂದು ಸಾಲು ಬರೆದ್ರೆ ಸಾಕು, ಮಾಯ. ನನಗೆ ಗೊತ್ತಿರಲಿಲ್ಲ ಅಷ್ಟೇ. ಆದರೆ ಮನೆಗೆ ಬಂದ ಮೇಲೆ ತಲೆ ಕೊರೆಯೋಕೆ ಶುರುವಾಯ್ತು. ಅದನ್ನ ಅಲ್ಲಿ ಇಟ್ಟವರು ಯಾರು? ಬೇಡ ಅಂದವರಿಗೆ ತೆಗೆಯೋ ದಾರಿ ಮಾಡಿಕೊಟ್ಟವರು ಯಾರು? ಈ ಸಲದ ಇತಿಹಾಸ ಸರಣಿ ಅದರ ಬಗ್ಗೆ.

2/6
ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಪವರ್‌ಪಾಯಿಂಟ್ ಬಂದಿದ್ದು 1987ರಲ್ಲಿ, ಅದೂ ಮ್ಯಾಕಿಂಟಾಷ್ ಕಂಪ್ಯೂಟರಿಗೆ. ಮಾಡಿದ್ದು ಮೈಕ್ರೋಸಾಫ್ಟ್ ಅಲ್ಲ, ಫೋರ್‌ಥಾಟ್ ಅನ್ನೋ ಸಣ್ಣ ಕಂಪನಿ. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನ 1.4 ಕೋಟಿ ಡಾಲರಿಗೆ ಕೊಂಡುಕೊಂಡಿತು. ಅಲ್ಲಿಂದ ಮುಂದೆ ಸ್ಲೈಡ್‌ನಲ್ಲಿ ಏನು ಬದಲಾಯಿಸಬಹುದು, ಏನು ಬದಲಾಯಿಸಬಾರದು ಅನ್ನೋದು ಕಂಪನಿಯ ತೀರ್ಮಾನ. ನಮಗೆ ಮೆನುವಿನಲ್ಲಿ ಕಂಡಷ್ಟೇ ಆಯ್ಕೆ. ಮೆನುವಿನಲ್ಲಿ ಇಲ್ಲ ಅಂದ್ರೆ ಇಲ್ಲ.

3/6
2003ರ ಫೆಬ್ರವರಿ. ಜರ್ಮನಿಯ ಟಿಲ್ ಟಾಂಟಾವ್ ಅನ್ನೋ ಸಂಶೋಧಕರು ತಮ್ಮ ಪಿಎಚ್‌ಡಿ ಪ್ರೆಸೆಂಟೇಷನ್‌ಗೋಸ್ಕರ ಲೇಟೆಕ್ ಮೇಲೆ ನಡೆಯೋ ಒಂದು ಟೂಲ್ ಬರೆದುಕೊಂಡರು. ಹೆಸರು ಬೀಮರ್. ಜರ್ಮನ್ನರ ಬಾಯಲ್ಲಿ ಹಾಗಂದ್ರೆ ಪ್ರೊಜೆಕ್ಟರ್! ತನಗೊಬ್ಬನಿಗೆ ಅಂತ ಮಾಡಿದ್ದನ್ನ ಸಹೋದ್ಯೋಗಿಗಳು ಕೇಳಿದರು, ಎಲ್ಲರಿಗೂ ಹಂಚಿದರು.

ಇಲ್ಲೇ ಕಥೆ ತಿರುಗೋದು. ಒಬ್ಬರ ಟೂಲ್ ಹತ್ತು ಜನರ ಕೈಗೆ ಹೋದ ತಕ್ಷಣ ಹತ್ತು ರುಚಿ ಹುಟ್ಟಿಕೊಳ್ಳುತ್ತೆ. ಒಬ್ಬರಿಗೆ ಬಣ್ಣ ಬೇಕು, ಇನ್ನೊಬ್ಬರಿಗೆ ಬೇಡ. ಹಾಗಾಗಿ ಬೀಮರ್‌ನಲ್ಲಿ ಥೀಮ್‌ಗಳು ಬಂದವು. ಅವುಗಳ ಹೆಸರು ನೋಡಿ: ಬರ್ಲಿನ್, ವಾರ್ಸಾ, ಮ್ಯಾಡ್ರಿಡ್, ಸಿಂಗಾಪುರ. ಟಾಂಟಾವ್ ಅಥವಾ ಅವರ ಜೊತೆಗಾರರು ಕಾನ್ಫರೆನ್ಸ್‌ಗೆ ಹೋಗಿ ಬಂದ ಊರುಗಳಂತೆ! ಬಣ್ಣದ ಥೀಮ್‌ಗಳಿಗೆ ತಿಮಿಂಗಿಲ, ಡಾಲ್ಫಿನ್, ಗುಲಾಬಿ, ಕೊಕ್ಕರೆ ಅಂತ ಹೆಸರು.

ಸ್ಲೈಡಿನ ಅಳತೆ 128 ಮಿಮೀ x 96 ಮಿಮೀ, ಅಂದರೆ ಹಳೇ ಪ್ರೊಜೆಕ್ಟರ್‌ನ 4:3. ಅಗಲದ ಪರದೆಗಳು ಬಂದ ಮೇಲೆ 16:9 ಬೇಕು ಅನ್ನೋರಿಗೆ ಅದಕ್ಕೂ ಒಂದು ಆಪ್ಷನ್ ಸೇರಿತು. ಹಾಗಂತ ಹಳೇ ಅಳತೆಯನ್ನ ಕಿತ್ತು ಹಾಕಲಿಲ್ಲ. ಅದರಲ್ಲಿ ಮಾಡಿದ ಎಷ್ಟೋ ಜನರ ಸ್ಲೈಡ್‌ಗಳು ಕೆಡಬಾರದಲ್ವಾ?

4/6
ಬ್ರೌಸರ್‌ನಲ್ಲೇ ಓಡೋ ಸ್ಲೈಡ್‌ಗಳದ್ದು ಬೇರೆ ದಾರಿ. 2004ರಲ್ಲಿ ಅಮೆರಿಕದ ಎರಿಕ್ ಮೇಯರ್ ಎಸ್5 ಅನ್ನೋದನ್ನ ಬಿಟ್ಟರು. ಮುಂದಿನ 1.1 ಆವೃತ್ತಿಯ ಫೈಲ್ ತೆರೆದರೆ ತಲೆಯಲ್ಲೇ ಕಾನ್ಫಿಗರೇಷನ್‌ಗೆ ಜಾಗ ಇದೆ. ಅಲ್ಲಿ ಇದ್ದಿದ್ದು ಎರಡೇ ಆಪ್ಷನ್: ತೆರೆದಾಗ ಸ್ಲೈಡ್ ಥರ ಕಾಣಬೇಕಾ, ಇಲ್ಲ ಪೂರ್ತಿ ಪಠ್ಯ ಒಟ್ಟಿಗೆ ಕಾಣಬೇಕಾ, ಬಟನ್‌ಗಳು ಕಾಣಬೇಕಾ, ಬಚ್ಚಿಟ್ಟುಕೊಳ್ಳಬೇಕಾ. ಅಷ್ಟೇ!

2011ರಲ್ಲಿ ಸ್ವೀಡನ್‌ನ ಹಕೀಮ್ ಎಲ್ ಹತಾಬ್ ರಿವೀಲ್ ಜೆಎಸ್ ಶುರು ಮಾಡಿದರು. ಇವತ್ತು ಅದರ ಆಪ್ಷನ್ ಪಟ್ಟಿ ಸ್ಕ್ರಾಲ್ ಮಾಡಿದಷ್ಟೂ ಮುಗಿಯಲ್ಲ. ಪುಟಸಂಖ್ಯೆ ಬೇಕಾ? ಸ್ಲೈಡ್ ತಾನಾಗೇ ಮುಂದೆ ಹೋಗಬೇಕಾ? ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಂದ ಬರಬೇಕಾ? ಬಲದಿಂದ ಎಡಕ್ಕೆ ಸಾಗಬೇಕಾ? ಈ ಕೊನೇದು ನಮಗೆ ಸಣ್ಣ ವಿಷಯ. ಅರಬ್ಬಿ, ಹೀಬ್ರೂ ಓದೋರಿಗೆ ಅದೇ ದೊಡ್ಡ ವಿಷಯ.

ಗಮನಿಸಿ, ಈ ನಾಲ್ಕೂ ಮೊದಲಿಗೆ ‘ಆಫ್’ ಆಗೇ ಇರುತ್ತವೆ. ಕೇಳಿದವರಿಗೆ ಸಿಗಬೇಕು, ಕೇಳದವರಿಗೆ ಏನೂ ಬದಲಾಗಬಾರದು. ಹೊಸ ಆಪ್ಷನ್ ಸೇರಿಸುವಾಗ ಪಾಲಿಸಬೇಕಾದ ಮರ್ಯಾದೆ ಇದು.

5/6
ಹಾಗಾದ್ರೆ ಕೇಳಿದ್ದೆಲ್ಲ ಸೇರಿಸಿಬಿಡಬಹುದಲ್ವಾ? ಇಲ್ಲಿ ನಮ್ಮ ಬಿಕಾಂ ತಲೆ ಉಪಯೋಗಕ್ಕೆ ಬಂತು. ಒಂದು ಆಪ್ಷನ್ ಬರೆಯೋದು ಒಂದು ಸಲದ ಖರ್ಚು. ಅದನ್ನ ಕಾಪಾಡೋದು ಪ್ರತಿ ವರ್ಷದ ಖರ್ಚು. ಆನ್/ಆಫ್ ಆಪ್ಷನ್ 10 ಇದ್ರೆ 1,024 ರೀತಿಯ ಜೋಡಣೆ ಸಾಧ್ಯ. 20 ಆದ್ರೆ 10,48,576! ಯಾವ ಜೋಡಣೆಯಲ್ಲಿ ಯಾವುದು ಮುರಿಯುತ್ತೆ ಅಂತ ಯಾರು ನೋಡ್ತಾರೆ? ಬಹಳ ಸಲ ಬಿಡುವಿನ ವೇಳೆಯಲ್ಲಿ, ಸಂಬಳ ಇಲ್ಲದೆ ಕೆಲಸ ಮಾಡೋರು.

2002ರಲ್ಲೇ ಹ್ಯಾವಕ್ ಪೆನ್ನಿಂಗ್ಟನ್ ಅನ್ನೋ ಪ್ರೋಗ್ರಾಮರ್ ಈ ಮಾತನ್ನ ಬರೆದಿದ್ದರು: ಪ್ರತಿ ಆಯ್ಕೆಗೂ ಒಂದು ಬೆಲೆ ಇದೆ. ಅವರು ಸೇರಿದ್ದ ಗ್ನೋಮ್ ಡೆಸ್ಕ್‌ಟಾಪ್ ಅದೇ ವರ್ಷ ತನ್ನ 2.0 ಆವೃತ್ತಿಯಲ್ಲಿ ಎಷ್ಟೋ ಆಪ್ಷನ್‌ಗಳನ್ನ ತೆಗೆದೇ ಬಿಟ್ಟಿತು. ತುಂಬಾ ಜನ ಬೈದರು ಕೂಡ.

6/6
ಹಾಗಾದ್ರೆ ಯಾವ ಆಪ್ಷನ್ ಇರಬೇಕು, ಯಾವುದು ಬೇಡ? ನನ್ನ ಹತ್ತಿರ ದೊಡ್ಡ ಸಿದ್ಧಾಂತ ಇಲ್ಲ. ನಡೆದಿದ್ದು ಹೇಳ್ತೀನಿ.

ಆ ಸೆಮಿನಾರನ್ನ ನಾನು ಕನ್ನಡದಲ್ಲೇ ಮಾಡಬೇಕು ಅಂತಿದ್ದೆ. ಮೊದಲ ಸಲ ಬೀಮರ್‌ಗೆ ಕನ್ನಡ ಕೊಟ್ಟಾಗ ಬರೀ ಎರರ್. ಆಮೇಲೆ ಜೀಟೆಕ್ ಬಳಸಿದೆ. ಜೊನಾಥನ್ ಕ್ಯೂ ಅನ್ನೋರು 2004ರಲ್ಲಿ ಬಿಡುಗಡೆ ಮಾಡಿದ್ದು, ಯೂನಿಕೋಡ್ ಅರ್ಥವಾಗುತ್ತೆ. ಅಕ್ಷರ ಬಂತು, ಆದರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ‘ಅರ್ಥಶಾಸ್ತ್ರ’ ಓದೋಕೇ ಆಗ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ, ಸುಮ್ನೆ ಇಂಗ್ಲಿಷ್‌ನಲ್ಲೇ ಮಾಡಿಬಿಡೋಣ ಅಂತ ಕೈಚೆಲ್ಲಿದ್ದೆ. ಕೊನೇ ಪ್ರಯತ್ನಕ್ಕೆ ಅಂತ ಹುಡುಕಿದಾಗ ಫಾಂಟ್ ಸಾಲಿನಲ್ಲಿ ಸೇರಿಸಬೇಕಾದ ಒಂದು ಆಪ್ಷನ್ ಸಿಕ್ತು: ಸ್ಕ್ರಿಪ್ಟ್ = ಕನ್ನಡ. ಎರಡೇ ಪದ. ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

ಯಾರೋ, ಎಲ್ಲೋ ಕೂತು, ಲಿಪಿಗಳಿಗೂ ಒಂದು ಆಪ್ಷನ್ ಇರಲಿ ಅಂತ ಸೇರಿಸಿದ್ದಕ್ಕೆ ನನ್ನ ಸೆಮಿನಾರ್ ಕನ್ನಡದಲ್ಲಿ ನಡೀತು. ಬಾಣ ತೆಗೆಯೋ ಆಪ್ಷನ್ ಇಲ್ಲದಿದ್ರೂ ಬದುಕಬಹುದಿತ್ತು. ಇದು ಇಲ್ಲದಿದ್ರೆ ಆಗ್ತಿರಲಿಲ್ಲ.

ಅದಕ್ಕೇ ಒಂದು ಮಾತು. ಟೂಲ್ ಸರಿ ಇಲ್ಲ ಅಂತ ಬೈಯೋ ಮೊದಲು ಸೆಟ್ಟಿಂಗ್ಸ್ ತೆರೆದು ನೋಡಿ. ಅಲ್ಲಿ ಇಲ್ಲದಿದ್ರೆ ಯಾಕೆ ಬೇಕು ಅಂತ ಕಾರಣ ಹೇಳಿ ಕೇಳಿ. ಓಪನ್ ಸೋರ್ಸ್‌ನಲ್ಲಿ ಕೇಳೋ ಹಕ್ಕು ಎಲ್ಲರಿಗೂ ಇದೆ, ಕೋಡ್ ಬರೋರಿಗೆ ಸೇರಿಸೋ ಅವಕಾಶವೂ ಇದೆ. ಅಂದಹಾಗೆ, ಬೀಮರ್ ಜೊತೆ ಬರೋ ಥೀಮ್‌ಗಳಲ್ಲಿ ನಮ್ಮ ಊರಿನ ಹೆಸರು ಒಂದೂ ಇಲ್ಲ. ಮೈಸೂರು ಅಂತ ಒಂದು ಮಾಡೋಣ್ವಾ? ಬಣ್ಣ ಯಾವುದು ಅಂತ ಕಾಮೆಂಟ್‌ನಲ್ಲಿ ಹೇಳಿ. ಬಾಣ ಮಾತ್ರ ಇರಲ್ಲ, ಪ್ರಾಮಿಸ್.

#ಇತಿಹಾಸಸರಣಿ #ಓಪನ್‌ಸೋರ್ಸ್ #ಕನ್ನಡದಲ್ಲಿಸ್ಲೈಡ್