ಕಾರ್‌ಫೀಲ್ಡ್ ವರದಿ

ಪೂರ್ವ ಆಫ್ರಿಕದ ಕೆನ್ಯ ದೇಶದಲ್ಲಿ 1952ರಿಂದ 1960ರವರೆಗೆ ನಡೆದ ಮೌ ಮೌ ಬಂಡಾಯದ ಮೂಲವನ್ನೂ ಬೆಳವಣಿಗೆಯನ್ನೂ ವಿವರಿಸಲೋಸುಗ ಅಲ್ಲಿನ ಬ್ರಿಟಿಷ್ ವಸಾಹತು ಸರ್ಕಾರವು ಬರೆಯಿಸಿದ ಗ್ರಂಥ. 1960ರಲ್ಲಿ ಇದು 1030ನೆಯ ಸಂಖ್ಯೆಯ ಸರ್ಕಾರಿ ಪತ್ರವಾಗಿ ಲಂಡನ್ನಿನ ಪಾರ್ಲಿಮೆಂಟಿನ ಮುಂದೆ ಬಂದಿತು. ‘ಚಾರಿತ್ರಿಕ ಸಮೀಕ್ಷೆ’ ಎಂಬ ಅಭಿಧಾನವನ್ನು ಇದು ತನ್ನ ಹಣೆಯ ಮೇಲೆ ಧರಿಸಿದ್ದರೂ, ಸೂಡಾನಿನ ಆಡಳಿತದಲ್ಲಿ ಬಹುಕಾಲ ಅಧಿಕಾರಿಯಾಗಿದ್ದ ಇದರ ಕರ್ತೃ ಎಫ್. ಡಿ. ಕಾರ್‌ಫೀಲ್ಡರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಸರ್ಕಾರವೊಂದು ತನ್ನ ವಿರುದ್ಧ ಆಯುಧ ಹಿಡಿದವರ ಚರಿತ್ರೆಯನ್ನು ತಾನೇ ಬರೆಯಿಸಿದಾಗ ಏನನ್ನು ಕಾಣುತ್ತದೆ, ಏನನ್ನು ಕಾಣಲಾರದು ಎಂಬುದಕ್ಕೆ ಈ ಶತಮಾನದ ಹಾಗೂ ಹಿಂದಣ ಶತಮಾನದ ವಿದ್ವಾಂಸರು ಮೇಲಿಂದ ಮೇಲೆ ಉದಾಹರಿಸಿದ ಕೃತಿಯಿದು.

ವರದಿಯ ವಾದವನ್ನು ಅರಿಯಬೇಕಾದರೆ ನೆಲದ ಸಂಗತಿಯನ್ನು ಮೊದಲು ಅರಿಯಬೇಕು. ಇಪ್ಪತ್ತನೆಯ ಶತಮಾನದ ಆದಿಯಿಂದಲೂ ಕೆನ್ಯದ ತಂಪಾದ ಎತ್ತರದ ಭೂಮಿಯನ್ನು ಯುರೋಪಿಯನ್ ಬೇಸಾಯಗಾರರಿಗಾಗಿ ಮೀಸಲಿಡುತ್ತ ಬಂದ ಆಡಳಿತವು, ಆ ಭೂಮಿಯ ಅಂಚಿನಲ್ಲಿಯೂ ಕೆಲವೆಡೆ ಅದರ ಒಳಗೂ ಬಾಳಿಕೊಂಡಿದ್ದ ಕಿಕುಯು ಜನರನ್ನು ಸೀಮಿತ ಪ್ರದೇಶಗಳಲ್ಲಿ ಒತ್ತಿ ನಿಲ್ಲಿಸಿತು. ಆ ಎತ್ತರದ ಭೂಮಿಯನ್ನು ಭಾರತೀಯರು ಕೊಳ್ಳಕೂಡದೆಂಬ ನೀತಿಯೂ 1908ರಲ್ಲಿ ಬ್ರಿಟನ್ನಿನ ವಸಾಹತು ಮಂತ್ರಿ ಲಾರ್ಡ್ ಎಲ್ಗಿನ್ನನ ಪತ್ರದಿಂದ ಬಲಗೊಂಡುದರಿಂದ, ಈ ವಿಷಯವು ನಮ್ಮ ದೇಶದ ಪತ್ರಿಕೆಗಳಿಗೂ ಶಾಸನಸಭೆಗಳಿಗೂ ಹಿಂದಿನಿಂದಲೇ ಪರಿಚಿತವಾಗಿದ್ದಿತು. 1932ರಲ್ಲಿ ನೇಮಕವಾಗಿ 1934ರಲ್ಲಿ ತೀರ್ಪಿತ್ತ ಭೂ ಆಯೋಗವು ಕಿಕುಯುಗಳ ಹಕ್ಕಿನ ಮಾತನ್ನು ಅಲ್ಪಸ್ವಲ್ಪ ಪರಿಹಾರದಿಂದ ಶಾಶ್ವತವಾಗಿ ಮುಗಿಸಲೆಳಸಿತು. ಆದರೆ ಅದು ಮುಗಿಯಲಿಲ್ಲ. ಬಿಳಿಯರ ಹೊಲಗಳಲ್ಲಿ ದುಡಿಯುತ್ತ, ಕೂಲಿಯ ಜೊತೆಗೆ ಒಂದಿಷ್ಟು ನೆಲವನ್ನು ಉತ್ತುಕೊಂಡು, ದನ ಮೇಯಿಸಿಕೊಂಡಿದ್ದ ಒಕ್ಕಲುಗಳನ್ನು ಎರಡನೆಯ ಮಹಾಯುದ್ಧದ ಆಚೀಚೆ ಕಟ್ಟಳೆಯ ಮೇಲೆ ಕಟ್ಟಳೆ ತಂದು ಹೊರದೂಡಲಾಯಿತು. ಒಲೆಂಗುರುವೋನೆ ಎಂಬಲ್ಲಿ ನೆಲೆಗೊಳಿಸಲ್ಪಟ್ಟ ಇಂಥ ಒಕ್ಕಲುಗಳು ಸರ್ಕಾರದ ಷರತ್ತುಗಳನ್ನು ಒಪ್ಪೆವೆಂದು ಸಾಮೂಹಿಕವಾಗಿ ಪ್ರಮಾಣ ಮಾಡಿದರು. ಹಿಂದೆ ಮುಖಂಡರಷ್ಟೇ ಕೈಗೊಳ್ಳುತ್ತಿದ್ದ ಪ್ರಮಾಣವು ಹೀಗೆ ಹೆಂಗಸರು ಮಕ್ಕಳೆನ್ನದೆ ಎಲ್ಲರನ್ನೂ ಕಟ್ಟುವ ಸೂತ್ರವಾದದ್ದು ಅಲ್ಲಿಂದ ಮುಂದಿನ ಕಥೆಯ ತಿರುವು.

ರಾಜಕೀಯದ ಕಡೆಯಿಂದ ನೋಡಿದರೆ, 1940ರಲ್ಲಿ ಕಿಕುಯು ಕೇಂದ್ರ ಸಂಘವು ನಿಷೇಧಕ್ಕೆ ಒಳಗಾಯಿತು. 1944ರಲ್ಲಿ ಹುಟ್ಟಿದ ಕೆನ್ಯ ಆಫ್ರಿಕನ್ ಯೂನಿಯನ್ನಿಗೆ 1947ರಲ್ಲಿ ಜೋಮೊ ಕೆನ್ಯಾಟರು ಅಧ್ಯಕ್ಷರಾದರು. ನೈರೋಬಿಯ ಕಾರ್ಮಿಕರನ್ನು ಸಂಘಟಿಸಿದವರಲ್ಲಿ ಫ್ರೆಡ್ ಕುಬಾಯಿಯವರೊಡನೆ ಪಂಜಾಬಿನಿಂದ ಹೋಗಿ ನೆಲಸಿದ ಮಖನ್ ಸಿಂಗರೂ ಇದ್ದರು. 1950ರಲ್ಲಿ ಬಂಧಿತರಾದ ಅವರು ಮರಳಿ ಬಿಡುಗಡೆಯನ್ನು ಕಂಡದ್ದು 1961ರಲ್ಲಿ. ಅದೇ 1950ರ ಆಗಸ್ಟಿನಲ್ಲಿ, ಇಂಥ ಪ್ರಮಾಣದಿಂದ ಕಟ್ಟಲ್ಪಟ್ಟ ಗುಪ್ತ ಸಂಘವಾದ ಮೌ ಮೌ ಕಾನೂನುಬಾಹಿರ ಸಂಸ್ಥೆಯೆಂದು ಸಾರಲ್ಪಟ್ಟಿತು. 1952ರ ಅಕ್ಟೋಬರ್ 7ರಂದು ಸರ್ಕಾರದ ಪಕ್ಷದ ಹಿರಿಯ ಮುಖಂಡ ವಾರುಹಿಯು ಹಗಲಿನಲ್ಲಿಯೇ ಗುಂಡಿಗೆ ಬಲಿಯಾಗಲು, ಹೊಸದಾಗಿ ಬಂದಿದ್ದ ಗವರ್ನರ್ ಸರ್ ಈವ್‌ಲಿನ್ ಬೇರಿಂಗರು 20ನೆಯ ತಾರೀಖು ತುರ್ತುಪರಿಸ್ಥಿತಿಯನ್ನು ಘೋಷಿಸಿದರು. ಅಂದಿನ ರಾತ್ರಿಯೇ ಕೆನ್ಯಾಟ ಮೊದಲಾದ ಅನೇಕ ನಾಯಕರು ಸೆರೆಯಾದರು.

ಕಪೆಂಗುರಿಯದ ವಿಚಾರಣೆಯು ಈ ಸರ್ಕಾರಿ ಚರಿತ್ರೆಯ ಮೊದಲ ಕರಡು ಎನ್ನಬಹುದು. ರಸ್ತೆ ಸಂಪರ್ಕವೇ ದುರ್ಲಭವಾದ ಆ ಉತ್ತರದ ಊರಿನಲ್ಲಿ, ಕೆನ್ಯಾಟರೂ ಇತರ ಐವರೂ ಮೌ ಮೌ ಸಂಘವನ್ನು ನಡೆಸಿದರೆಂಬ ಆರೋಪವು ನ್ಯಾಯಾಧೀಶ ಥ್ಯಾಕರನ ಮುಂದೆ ಬಂದಿತು. ಪ್ರತಿವಾದಿಗಳ ಪರವಾಗಿ ಬ್ರಿಟಿಷ್ ವಕೀಲ ಡಿ. ಎನ್. ಪ್ರಿಟ್ಟರು ನಿಂತರು; ಭಾರತದಿಂದ ದಿವಾನ್ ಚಮನ್ ಲಾಲರು ನೆಹರೂ ಅವರ ಸಹಾನುಭೂತಿಯನ್ನು ಹೊತ್ತು ಹೋಗಿ ಅವರೊಡನೆ ಕೂಡಿಕೊಂಡರು. 1952ರ ಆಗಸ್ಟಿನಲ್ಲಿ ಕಿಯಾಂಬುವಿನಲ್ಲಿ ಕೂಡಿದ್ದ ದೊಡ್ಡ ಸಭೆಯ ಮುಂದೆ ಕೆನ್ಯಾಟರು ಮೌ ಮೌವನ್ನು ಬಹಿರಂಗವಾಗಿ ಖಂಡಿಸಿದ್ದರು. ಆದರೆ ಆ ಖಂಡನೆಯೂ ಕಪಟವೆಂದೇ ಎಣಿಸಲ್ಪಟ್ಟಿತು. ಮೌನವಾಗಿದ್ದರೆ ಸಮ್ಮತಿ, ನುಡಿದರೆ ವಂಚನೆ ಎಂಬ ತರ್ಕಕ್ಕೆ ಸಿಲುಕಿದವನಿಗೆ ಬಿಡುಗಡೆಯ ದಾರಿ ಎಲ್ಲಿಯದು? 1953ರ ಏಪ್ರಿಲಿನಲ್ಲಿ ಏಳು ವರ್ಷದ ಕಠಿನ ಶಿಕ್ಷೆಯಾಯಿತು. ಮುಖ್ಯ ಸಾಕ್ಷಿಗಳಲ್ಲೊಬ್ಬನಾದ ರಾಸನ್ ಮಚಾರಿಯನು 1958ರಲ್ಲಿ ತಾನು ಆಮಿಷಕ್ಕೊಳಗಾಗಿ ಸುಳ್ಳು ನುಡಿದೆನೆಂದು ಪ್ರಮಾಣಪತ್ರ ಬರೆದುಕೊಟ್ಟನು. ಆಗ ಸರ್ಕಾರವು ಮೊದಲ ಸಾಕ್ಷ್ಯವನ್ನು ಮರಳಿ ತೂಗುವ ಗೋಜಿಗೆ ಹೋಗದೆ, ಆ ಪ್ರಮಾಣಪತ್ರವೇ ಸುಳ್ಳೆಂದು ಅವನನ್ನು ಸೆರೆಮನೆಗೆ ಕಳುಹಿಸಿತು.

ಬಂಡಾಯಗಾರರ ಹಿಂಸೆ ಕಲ್ಪಿತವಲ್ಲ. ಅದನ್ನು ಮರೆಮಾಚುವುದೂ ಚರಿತ್ರೆಗೆ ಮಾಡುವ ದ್ರೋಹವೇ. 1953ರ ಜನವರಿಯಲ್ಲಿ ಬಿಳಿಯ ದಂಪತಿಗಳನ್ನೂ ಅವರ ಎಳೆಯ ಮಗನನ್ನೂ ಮನೆಯಲ್ಲಿಯೇ ಕಡಿದು ಕೊಂದ ಸುದ್ದಿ ಪ್ರಪಂಚದ ಪತ್ರಿಕೆಗಳನ್ನೆಲ್ಲ ತುಂಬಿತು. ಮಾರ್ಚ್ 26ರ ರಾತ್ರಿ ಲರಿ ಎಂಬಲ್ಲಿ ನಡೆದುದು ಅದಕ್ಕಿಂತ ಘೋರ: ಸರ್ಕಾರದ ಪರವಾಗಿದ್ದ ಗೃಹರಕ್ಷಕ ದಳದವರು ಬೇರೆಡೆ ಗಸ್ತಿಗೆ ಹೋಗಿದ್ದ ಹೊತ್ತು ನೋಡಿ, ಬಂಡಾಯಗಾರರು ಮುಖಂಡ ಲೂಕ ವಕಹಂಗಾರನ ಮನೆಯನ್ನೂ ಆತನ ಕಡೆಯವರ ಗುಡಿಸಲುಗಳನ್ನೂ ಬಾಗಿಲು ಬಿಗಿದು ಬೆಂಕಿಗಿಟ್ಟು, ಹೊರಬಂದವರನ್ನು ಕತ್ತಿಗೆ ಒಡ್ಡಿದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರೆಂದು ಸರ್ಕಾರ ಸಾರಿತು. ಸುಟ್ಟ ಗುಡಿಸಲುಗಳ ಚಿತ್ರಗಳು ಪ್ರಚಾರ ಪುಸ್ತಕಗಳಲ್ಲಿ ದೇಶದೇಶಕ್ಕೆ ಹೋದುವು.

ಸರ್ಕಾರ ಹೇಳಿದ ಲರಿಯ ಕಥೆ ಇಲ್ಲಿಗೆ ನಿಂತಿತು. ಆದರೆ ಲೂಕನು ಯಾರು? 1930ರ ದಶಕದ ಕೊನೆಯಲ್ಲಿ ಟಿಗೋನಿಯೆಂಬ ಒಳ್ಳೆಯ ನೆಲವನ್ನು ಬಿಳಿಯರಿಗಾಗಿ ತೆರವು ಮಾಡಿಸಿದಾಗ, ನೆರೆಯವರೆಲ್ಲ ವಿರೋಧಿಸುತ್ತಿರಲು, ಬದಲಿಗೆ ಲರಿಯ ಭೂಮಿಯನ್ನು ಪಡೆದು ಅಧಿಕಾರಿಗಳೊಡನೆ ರಾಜಿಯಾದವನು. ಆ ಬದಲಿ ಭೂಮಿಯ ಮೇಲೆಯೂ ಮೊದಲಿನಿಂದ ಇತರರ ಹಕ್ಕುಂಟೆಂಬ ವಾದವಿದ್ದಿತು. ಸುಟ್ಟವರೂ ಸುಡಲ್ಪಟ್ಟವರೂ ಹದಿನೈದು ವರ್ಷಗಳಿಂದ ಒಂದೇ ನೆಲದ ವ್ಯಾಜ್ಯದಲ್ಲಿ ಮುಖಾಮುಖಿಯಾಗಿದ್ದವರು. ಎರಡನೆಯದಾಗಿ, ಅದೇ ರಾತ್ರಿಯ ಶೇಷಭಾಗದಲ್ಲಿಯೂ ಮುಂದಿನ ದಿನಗಳಲ್ಲಿಯೂ ಪೊಲೀಸರೂ ಗೃಹರಕ್ಷಕರೂ ಸೇರಿ ಸೇಡು ತೀರಿಸಿಕೊಂಡು ಕೊಂದವರ ಸಂಖ್ಯೆಯು ಮೊದಲು ಸತ್ತವರ ಸಂಖ್ಯೆಯನ್ನು ಮೀರಿದ್ದಿತೆಂದು ಇತಿಹಾಸಕಾರ ಡೇವಿಡ್ ಆಂಡರ್ಸನ್ನರು ತೋರಿಸಿದ್ದಾರೆ. ಮೊದಲನೆಯ ಹತ್ಯೆಯನ್ನು ಬರ್ಬರತೆಯೆಂದು ಬಣ್ಣಿಸಿದ ಲೇಖನಿಯು ಎರಡನೆಯದನ್ನು ಬರೆಯಲೇ ಇಲ್ಲ.

ಬರ್ಬರತೆಯ ಈ ವಾದಕ್ಕೆ ಶಾಸ್ತ್ರದ ಬೆಂಬಲವನ್ನೂ ಒದಗಿಸಿಕೊಳ್ಳಲಾಯಿತು. ನೈರೋಬಿಯ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಕ್ಯಾರೊಥರ್ಸರು ಬರೆದ ‘ಮೌ ಮೌವಿನ ಮನಶ್ಶಾಸ್ತ್ರ’ವನ್ನು ಸರ್ಕಾರಿ ಮುದ್ರಣಾಲಯವೇ 1954ರಲ್ಲಿ ಹೊರತಂದಿತು. ಹಳೆಯ ಸಮಾಜಬಂಧ ಕಳಚಿ ಹೊಸ ನಾಗರಿಕತೆ ಇನ್ನೂ ಮೈಗೂಡದ ಜನಾಂಗದ ಚಿತ್ತವಿಕಾರವೇ ಈ ಬಂಡಾಯ ಎಂಬುದು ಅದರ ತಾತ್ಪರ್ಯ. ರೋಗವೆಂದು ನಿರ್ಣಯಿಸಿದ ಬಳಿಕ ಚಿಕಿತ್ಸೆಯಾಗಬೇಕಷ್ಟೆ: ಸೆರೆಶಿಬಿರಗಳಲ್ಲಿ ಪ್ರಮಾಣವನ್ನು ಒಪ್ಪಿಸಿ ಕಕ್ಕಿಸುವ ಕ್ರಮಕ್ಕೆ ಈ ನಿದಾನವೇ ಆಧಾರವಾಯಿತು.

ಕಾರ್‌ಫೀಲ್ಡರಿಗೆ ಕೆಲಸ ಒಪ್ಪಿಸಿದುದು 1957ರಲ್ಲಿ. ಆ ವೇಳೆಗೆ ಬಂಡಾಯಗಾರರೊಡನೆ ಅರಣ್ಯದಲ್ಲಿ ನಡೆದ ಕಾಳಗ ಬಹುಮಟ್ಟಿಗೆ ಮುಗಿದಿದ್ದಿತು. ಬಂಡಾಯದ ಪ್ರಮುಖ ಸೇನಾನಿ ದೇದನ್ ಕಿಮಾಥಿಯು 1956ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದು, 1957ರ ಫೆಬ್ರುವರಿ 18ರಂದು ಗಲ್ಲಿಗೇರಿದ್ದನು. ಗುಪ್ತಚರ ಶಾಖೆಯ ಕಡತಗಳೂ ಜಿಲ್ಲಾಧಿಕಾರಿಗಳ ಪತ್ರವ್ಯವಹಾರವೂ ಕಾರ್‌ಫೀಲ್ಡರಿಗೆ ತೆರೆದಿದ್ದುವು. ಬಹಿರಂಗ ವಿಚಾರಣೆ ನಡೆಯಲಿಲ್ಲ. ಗ್ರಂಥದ ಪುಟಪುಟದಲ್ಲಿಯೂ ಆಪಾದನೆಗೆ ಗುರಿಯಾದವರು ಸೆರೆಯಲ್ಲಿಯೋ ದೂರದ ನಿರ್ಬಂಧದಲ್ಲಿಯೋ ಇದ್ದರು. ಅವರ ಉತ್ತರ ಈ ಗ್ರಂಥದಲ್ಲಿಲ್ಲ.

ಕಾರ್‌ಫೀಲ್ಡರು ತಲಪಿದ ನಿರ್ಣಯ ಹೀಗೆ: ಮೌ ಮೌವಿಗೆ ಆರ್ಥಿಕ ದುಃಸ್ಥಿತಿ ನಿಜವಾದ ಕಾರಣವಲ್ಲ, ನೆಲದ ಕೊರಗು ಇದ್ದರೂ ಅದು ಮಹತ್ವಾಕಾಂಕ್ಷಿಗಳ ಕೈಯ ಉಪಕರಣ ಮಾತ್ರ, ಕೆನ್ಯಾಟರೂ ಅವರ ಸಂಗಡಿಗರೂ ಕಿಕುಯು ಜನಾಂಗದ ಗೂಢತೆಯನ್ನೂ ಮಂತ್ರತಂತ್ರಗಳಲ್ಲಿನ ಶ್ರದ್ಧೆಯನ್ನೂ ಬಳಸಿಕೊಂಡು, ಉದಾರ ಶಾಸನವು ಕೊಟ್ಟ ಸ್ವಾತಂತ್ರ್ಯದ ಮರೆಯಲ್ಲಿ ದ್ವೇಷವನ್ನು ಬಿತ್ತಿದರು. ಇದರ ಜೊತೆಗೆ ಇನ್ನೊಂದು ಆಪಾದನೆಯೂ ಉಂಟು. ಅದರ ಗುರಿ ಸರ್ಕಾರವೇ. ಕೆಳಗಿನ ಅಧಿಕಾರಿಗಳು ಎಚ್ಚರಿಕೆಯನ್ನು ಕೊಡುತ್ತಲೇ ಇದ್ದರೂ, 1944ರಿಂದ 1952ರ ನಡುವರೆಗೆ ಗವರ್ನರಾಗಿದ್ದ ಸರ್ ಫಿಲಿಪ್ ಮಿಚೆಲರ ಆಡಳಿತವು ಕಿವಿಗೊಡಲಿಲ್ಲ, ಸಕಾಲದಲ್ಲಿ ಮುಷ್ಟಿ ಬಿಗಿಯಲಿಲ್ಲ ಎಂದು ಕಾರ್‌ಫೀಲ್ಡರು ನಿಷ್ಠುರವಾಗಿಯೇ ಬರೆದರು. ಸರ್ಕಾರದ ಗ್ರಂಥದಲ್ಲಿ ಸರ್ಕಾರದ ಟೀಕೆಯಿರುವುದನ್ನು ಕೆಲವರು ನಿಷ್ಪಕ್ಷಪಾತಕ್ಕೆ ಸಾಕ್ಷಿಯೆಂದರು. ಟೀಕೆಯೇನೋ ದಿಟ, ಆದರೆ ಅದು ದಂಡವನ್ನು ಬೇಗನೆ ಎತ್ತಲಿಲ್ಲವೆಂಬ ಟೀಕೆ, ದಂಡವನ್ನು ಎತ್ತಬೇಕಾಗಿ ಬಂದುದೇಕೆಂಬ ಪ್ರಶ್ನೆಯಲ್ಲ. ಹಾಗಿದ್ದರೂ ಆ ಎಚ್ಚರಿಕೆಯ ಪತ್ರಗಳನ್ನು ವಿಸ್ತಾರವಾಗಿ ಉದ್ಧರಿಸಿದ್ದರಿಂದ, ಆಡಳಿತದ ಒಳಮನಸ್ಸನ್ನು ಅರಸುವವನಿಗೆ ಈ ಪುಸ್ತಕವು ಇಂದಿಗೂ ಉಪಯುಕ್ತವಾಗಿ ಉಳಿದಿದೆ.

ವರದಿಯ ಅತ್ಯಂತ ಜಾಣ ಭಾಗವೆಂದರೆ ಅದರ ಎಲ್ಲೆ. ಮೂಲವನ್ನೂ ಬೆಳವಣಿಗೆಯನ್ನೂ ಮಾತ್ರ ನಿರೂಪಿಸಬೇಕೆಂಬ ಕಾರಣದಿಂದ ಕಥನವು 1952ರ ಅಕ್ಟೋಬರಿಗೆ, ಅಂದರೆ ತುರ್ತುಪರಿಸ್ಥಿತಿಯ ಹೊಸ್ತಿಲಿಗೆ ನಿಲ್ಲುತ್ತದೆ. ಆಚೆಗೆ ನಡೆದ ಸಂಗತಿಗಳು, ಎಂದರೆ 1954ರ ಏಪ್ರಿಲಿನಲ್ಲಿ ನೈರೋಬಿಯನ್ನು ಸುತ್ತುಗಟ್ಟಿ ಸಾವಿರಾರು ಜನರನ್ನು ಶಿಬಿರಗಳಿಗೆ ಸಾಗಿಸಿದ ಕಾರ್ಯಾಚರಣೆ, ಹತ್ತು ಲಕ್ಷದಷ್ಟು ಕಿಕುಯುಗಳನ್ನು ಕಂದಕ ಮುಳ್ಳುಬೇಲಿಗಳ ನಡುವಣ ಹೊಸ ಹಳ್ಳಿಗಳಿಗೆ ತಳ್ಳಿದುದು, ಒಂದು ಸಾವಿರಕ್ಕೂ ಮೀರಿ ಜನರನ್ನು ಗಲ್ಲಿಗೇರಿಸಿದುದು, ಇವೆಲ್ಲವೂ ಗ್ರಂಥದ ವಿಷಯವೇ ಅಲ್ಲ. ಅನುಬಂಧದ ಅಂಕಿಗಳು ಮಾತ್ರ ಆ ಹೊಸ್ತಿಲನ್ನು ದಾಟಿ ಬರುತ್ತವೆ: ಹತರಾದ ಬಂಡಾಯಗಾರರು 11,503; ಬಂಡಾಯಗಾರರಿಂದ ಹತರಾದ ಸಾಮಾನ್ಯ ಪ್ರಜೆಗಳಲ್ಲಿ ಆಫ್ರಿಕನ್ನರು 1,819, ಯುರೋಪಿಯನ್ನರು 32, ಏಷ್ಯದವರು 26; ವೆಚ್ಚ ಐದೂವರೆ ಕೋಟಿ ಪೌಂಡುಗಳಿಗೂ ಅಧಿಕ. ಮೌ ಮೌವಿನ ಕತ್ತಿಗೆ ಬಿದ್ದವರಲ್ಲಿ ಬಹುಪಾಲು ಕರಿಯರೇ ಎಂಬುದನ್ನೂ, ಈ ಕಲಹ ಕಿಕುಯುಗಳ ನಡುವಣ ಅಂತಃಕಲಹವೂ ಆಗಿದ್ದಿತೆಂಬುದನ್ನೂ ಈ ಅಂಕಿಗಳೇ ಸಾರುತ್ತವೆ. ಶಿಬಿರಗಳಲ್ಲಿಯೂ ಬಲವಂತದ ಹಳ್ಳಿಗಳಲ್ಲಿಯೂ ಹಸಿವು ಕಾಯಿಲೆಗಳಿಂದ ಸತ್ತವರಿಗೆ ಅಲ್ಲಿ ಅಂಕಣವಿಲ್ಲ. ಜನಗಣತಿಗಳನ್ನು ಹೋಲಿಸಿ ನೋಡಿದ ಜನಸಂಖ್ಯಾಶಾಸ್ತ್ರಜ್ಞ ಜಾನ್ ಬ್ಲೇಕರರು ಆ ಅವಧಿಯ ಅಧಿಕ ಮರಣಗಳು ಸುಮಾರು 50,000, ಅದರಲ್ಲಿ ಅರ್ಧದಷ್ಟು ಹತ್ತು ವರ್ಷಕ್ಕೆ ಕೆಳಗಿನ ಮಕ್ಕಳವು ಎಂದು ಅಂದಾಜು ಮಾಡಿದರು. ಅಮೆರಿಕದ ಇತಿಹಾಸಕಾರ ಕ್ಯಾರೊಲೈನ್ ಎಲ್ಕಿನ್ಸರು ಇದಕ್ಕಿಂತ ಬಹಳ ಹೆಚ್ಚಿನ ಸಂಖ್ಯೆಯನ್ನು ಸೂಚಿಸಿದರು, ಅದು ವಿವಾದಕ್ಕೂ ಎಡೆಯಾಯಿತು.

ಪ್ರಕಟಣೆಯ ಕಾಲವನ್ನೂ ಗಮನಿಸಬೇಕು. 1959ರ ಮಾರ್ಚ್ 3ರಂದು ಹೋಲಾ ಶಿಬಿರದಲ್ಲಿ ಕೆಲಸಕ್ಕೆ ಒಲ್ಲದ ಹನ್ನೊಂದು ಸೆರೆಯಾಳುಗಳು ಕಾವಲುಗಾರರ ದೊಣ್ಣೆಯಿಂದ ಸತ್ತಾಗ, ನೀರಿನ ಬಂಡಿಯಿಂದ ನೀರು ಕುಡಿದ ಮೇಲೆ ಸತ್ತರೆಂದು ಸರ್ಕಾರವು ಮೊದಲು ಪ್ರಕಟಿಸಿತು. ಮರಣ ವಿಚಾರಣೆಯು ನಿಜವನ್ನು ಹೊರಗೆಡಹಿತು. ಜುಲೈಯಲ್ಲಿ ಪಾರ್ಲಿಮೆಂಟಿನಲ್ಲಿ ಆಡಳಿತಪಕ್ಷದವರೇ ಆದ ಈನಾಕ್ ಪೊವೆಲರು, ಆಫ್ರಿಕದಲ್ಲಿ ಒಂದು ನ್ಯಾಯ, ಇಲ್ಲಿ ಒಂದು ನ್ಯಾಯ ಸಲ್ಲದೆಂಬ ಅಭಿಪ್ರಾಯದ ತೀಕ್ಷ್ಣ ಭಾಷಣ ಮಾಡಿದರು. 1960ರ ಜನವರಿಯಲ್ಲಿ ತುರ್ತುಪರಿಸ್ಥಿತಿ ತೆರವಾಯಿತು. ಅದೇ ತಿಂಗಳಲ್ಲಿ ಲಂಡನ್ನಿನಲ್ಲಿ ನೆರೆದ ಸಮ್ಮೇಳನದಲ್ಲಿ ಬಹುಸಂಖ್ಯಾತರ ಆಳ್ವಿಕೆ ಬರುವುದು ಖಚಿತವಾಯಿತು. ಇನ್ನುಳಿದ ಪ್ರಶ್ನೆ ಕೆನ್ಯಾಟರದು. ಮೇ ತಿಂಗಳಿನಲ್ಲಿ ಗವರ್ನರ್ ರೆನಿಸನ್ನರು ಅವರನ್ನು ಕತ್ತಲೆಗೂ ಸಾವಿಗೂ ಒಯ್ಯುವ ನಾಯಕನೆಂದು ವರ್ಣಿಸಿದರು; ಅದೇ ವರ್ಷ ಬೆಳಕು ಕಂಡ ಕಾರ್‌ಫೀಲ್ಡ್ ವರದಿಯು ಆ ವರ್ಣನೆಗೆ ಭಾಷ್ಯದಂತಿದ್ದಿತು. ಉದ್ದೇಶ ಫಲಿಸಲಿಲ್ಲ: 1961ರ ಆಗಸ್ಟಿನಲ್ಲಿ ಕೆನ್ಯಾಟರು ಬಿಡುಗಡೆಯಾದರು, 1963ರ ಡಿಸೆಂಬರ್ 12ರಂದು ಸ್ವತಂತ್ರ ಕೆನ್ಯದ ಪ್ರಧಾನಮಂತ್ರಿಯಾಗಿ ಅಧಿಕಾರವನ್ನು ಸ್ವೀಕರಿಸಿದರು. ಅವರಾದರೂ ಬಂಡಾಯಗಾರರ ಚರಿತ್ರೆಯನ್ನು ಎತ್ತಿ ಮೆರೆಯಿಸಲಿಲ್ಲ. ಹಿಂದಿನದನ್ನು ಮರೆಯೋಣವೆಂದರು, ಮೌ ಮೌ ಸಂಘದ ಮೇಲಣ ನಿಷೇಧವು 2003ರವರೆಗೆ ಹಾಗೆಯೇ ಉಳಿಯಿತು.

ವರದಿಗೆ ಮೊದಲ ಉತ್ತರ ಬಂದುದು ಸೆರೆಶಿಬಿರದಿಂದ. ಹದಿನಾಲ್ಕು ಶಿಬಿರಗಳನ್ನು ಕಂಡ ಜೆ. ಎಂ. ಕರಿಯೂಕಿಯವರ ಆತ್ಮಕಥನವು 1963ರಲ್ಲಿ ಪ್ರಕಟವಾಯಿತು. 1966ರಲ್ಲಿ ಅಮೆರಿಕದ ಕಾರ್ಲ್ ರಾಸ್‌ಬರ್ಗರೂ ಒಂದು ಕಾಲಕ್ಕೆ ಕೆನ್ಯದಲ್ಲಿಯೇ ಜಿಲ್ಲಾಧಿಕಾರಿಯಾಗಿದ್ದ ಜಾನ್ ನಾಟಿಂಗ್‌ಹ್ಯಾಮರೂ ಕೂಡಿ ಬರೆದ ಗ್ರಂಥವು ಕಾರ್‌ಫೀಲ್ಡರ ಕಥನವನ್ನು ಮಿಥ್ಯಾಕಲ್ಪನೆಯೆಂದು ತಳ್ಳಿ, ಬಂಡಾಯವನ್ನು ರಾಷ್ಟ್ರೀಯತೆಯ ಹೋರಾಟದ ಒಂದು ಘಟ್ಟವೆಂದು ಪ್ರತಿಪಾದಿಸಿತು. ಈ ಎರಡನೆಯ ಚಿತ್ರವೂ ತುಸು ನಯಗೊಳಿಸಿದ ಚಿತ್ರವೇ: ಬಡ ಒಕ್ಕಲುಗಳಿಗೂ ಭೂಮಿಯುಳ್ಳ ಮುಖಂಡರಿಗೂ ನಡುವೆ ಬಿರಿದಿದ್ದ ಕಂದರವು ಅದರಲ್ಲಿ ಸಾಕಷ್ಟು ಕಾಣದು.

ಸರ್ಕಾರಿ ಕಥನವು ಕಡೆಗೆ ಅಲುಗಾಡಿದುದು ಸರ್ಕಾರದ ಕಾಗದಗಳಿಂದಲೇ. ಶಿಬಿರಗಳಲ್ಲಿ ಚಿತ್ರಹಿಂಸೆಗೆ ಒಳಗಾದ ವೃದ್ಧರು ಲಂಡನ್ನಿನ ಉಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆಯ ಸಂದರ್ಭದಲ್ಲಿ, ಸ್ವಾತಂತ್ರ್ಯದ ವೇಳೆಗೆ ಕೆನ್ಯದಿಂದ ಸದ್ದಿಲ್ಲದೆ ಸಾಗಿಸಿ ಇಂಗ್ಲೆಂಡಿನ ಹ್ಯಾನ್ಸ್‌ಲೋಪ್ ಪಾರ್ಕಿನಲ್ಲಿ ಅಡಗಿಸಿಟ್ಟಿದ್ದ ಸುಮಾರು 1,500 ಕಡತಗಳು ಇರುವುದನ್ನು ಬ್ರಿಟಿಷ್ ವಿದೇಶಾಂಗ ಶಾಖೆಯು 2011ರಲ್ಲಿ ಒಪ್ಪಿಕೊಂಡಿತು. ಶಿಬಿರಗಳಲ್ಲಿನ ಹೊಡೆತಕ್ಕೆ ಕಾನೂನಿನ ರೂಪ ಕೊಟ್ಟ ಕೆನ್ಯದ ಅಟಾರ್ನಿ ಜನರಲ್ ಗ್ರಿಫಿತ್ ಜೋನ್ಸರು 1957ರಲ್ಲಿ, ಅಂದರೆ ಕಾರ್‌ಫೀಲ್ಡರು ನೇಮಕಗೊಂಡ ವರ್ಷದಲ್ಲಿಯೇ, ಪಾಪ ಮಾಡುವುದಾದರೆ ಸದ್ದಿಲ್ಲದೆ ಮಾಡಬೇಕೆಂಬ ಅರ್ಥದ ಮಾತನ್ನು ಗವರ್ನರಿಗೆ ಬರೆದಿದ್ದರು. 2013ರ ಜೂನ್ 6ರಂದು ವಿದೇಶಾಂಗ ಮಂತ್ರಿ ವಿಲಿಯಂ ಹೇಗರು ಪಾರ್ಲಿಮೆಂಟಿನಲ್ಲಿ ವಿಷಾದವನ್ನು ವ್ಯಕ್ತಪಡಿಸಿ, 5,228 ಮಂದಿ ಫಿರ್ಯಾದಿಗಳಿಗೆ ಖರ್ಚುವೆಚ್ಚವೂ ಸೇರಿ 1 ಕೋಟಿ 99 ಲಕ್ಷ ಪೌಂಡುಗಳ ಪರಿಹಾರವನ್ನು ಸಾರಿದರು. ಕಾನೂನಿನ ಹೊಣೆಯನ್ನು ಮಾತ್ರ ಒಪ್ಪಲಿಲ್ಲ. 40,000ಕ್ಕೂ ಹೆಚ್ಚು ಮಂದಿ ಹೂಡಿದ ಇನ್ನೊಂದು ದಾವೆಯನ್ನು, ಘಟನೆಗಳು ನಡೆದು ಬಹುಕಾಲ ಸಂದಿದೆಯೆಂದು, ಅದೇ ನ್ಯಾಯಾಲಯವು 2018ರಲ್ಲಿ ತಳ್ಳಿಹಾಕಿತು.